ಆಷಾಢದಲ್ಲಿ ಅತ್ತೆಮನೆಗೆ ವಿಮಾನ

ಮದುವೆಯಾದ ಮೊದಲ ಆಷಾಢದಲ್ಲಿ ಹೆಂಡತಿ ತವರಿಗೆ ಹೋಗಬೇಕು, ಗಂಡ ಅತ್ತೆಮನೆಯ ಹೊಸಿಲು ತುಳಿಯಬಾರದು, ಅತ್ತೆ ಅಳಿಯನ ಮುಖ ನೋಡಬಾರದು. ಇದು ನಮ್ಮ ಕಡೆಯ ಕಟ್ಟಳೆ. ಈ ಕಟ್ಟಳೆಯನ್ನು ನಾನು ಕೂಲಂಕಷವಾಗಿ ಪರಿಶೀಲಿಸಿದೆ. ಹೊಸಿಲು ತುಳಿಯಬಾರದು ಅಂತಿದೆಯೇ ಹೊರತು, ಮೇಲೆ ಹಾರಬಾರದು ಅಂತ ಎಲ್ಲೂ ಇಲ್ಲ!

ನನ್ನ ಹೆಂಡತಿ ಭಾಗ್ಯಳ ತವರು ಬುಕ್ಕಾಪಟ್ಟಣದ ಆಚೆಗಿನ ಒಂದು ಕುರಿಹಟ್ಟಿ. ಫೋನಿನಲ್ಲಿ ಮುಖ ನೋಡಬಹುದಲ್ಲ ಅನ್ನಬೇಡಿ. ಅಲ್ಲಿ ನೆಟ್‌ವರ್ಕ್ ಸಿಗುವುದು ಬೇವಿನ ಮರದ ಮೇಲೆ, ಭಾಗ್ಯಳಿಗೆ ಮರ ಹತ್ತಲು ಬರುವುದಿಲ್ಲ. ಮಧುಗಿರಿಯ ಮನೆಯಲ್ಲಿ ನಾನೇ ಕಟ್ಟಿದ ಗಂಟುಗಂಟು ಮುದ್ದೆ ನುಂಗುತ್ತಾ ಅವಳನ್ನು ನೆನೆದರೆ ಗಂಟಲು ಬಿಗಿಯುತ್ತಿತ್ತು. ಅರ್ಧ ವಿರಹದಿಂದ, ಅರ್ಧ ಮುದ್ದೆಯಿಂದ.

ಶಿರಾದ ಗೆಳೆಯ ಇಮ್ರಾನನ ಹತ್ತಿರ ಎರಡು ಸೀಟಿನ ಪುಟ್ಟ ವಿಮಾನವಿದೆ. ಮೊಪೆಡ್ಡಿಗೆ ರೆಕ್ಕೆ ಕಟ್ಟಿದ ಹಾಗಿದೆ, ಆದರೆ ಅವನಿಗೆ ಲೈಸೆನ್ಸ್ ಇದೆ. 'ಆಷಾಢದ ಗಾಳಿ ಕಣೋ, ಬೇಡ' ಅಂದ. ನಾನು ಬಿಡಬೇಕಲ್ಲ! ಬಿರಿಯಾನಿ ತಿನ್ನಿಸಿ ಒಪ್ಪಿಸಿದೆ.

ಹತ್ತುವಾಗ ಒಂದೇ ಮಾತು ಹೇಳಿದ. 'ನನ್ ಥರಾನೇ ನಿನ್ ಸೀಟಿನ ಮುಂದೂ ವಿಮಾನ ನಡೆಸೋ ಕೋಲೊಂದಿದೆ. ಅದನ್ನ ಮುಟ್ಟಬೇಡ.'

'ಛೆ ಛೆ!' ಅಂದೆ.

ಹಟ್ಟಿಯ ಮೇಲೆ ಒಂದು ಸುತ್ತು ಹೊಡೆದೆವು. ಭಾಗ್ಯ ಅಂಗಳಕ್ಕೆ ಓಡಿಬಂದಳು. ನಾನು ಎರಡೂ ಕೈ ಬೀಸಿದೆ. ಹೆಲ್ಮೆಟ್ಟು, ಕಪ್ಪು ಕನ್ನಡಕದೊಳಗಿನ ಗಂಡನನ್ನು ಅವಳಾದರೂ ಹೇಗೆ ಗುರುತಿಸಿಯಾಳು? ಮುಂದಿನ ಸೀಟಿನ ಇಮ್ರಾನನ ಕಡೆ ನಕ್ಕು ಕೈ ಬೀಸಿದಳು! ನನ್ನ ಹೊಟ್ಟೆ ಉರಿದುಹೋಯಿತು.

'ಇಳಿಸು' ಅಂದೆ.

'ಪಾಗಲ್ ಏನೋ ನೀನು? ಗಾಳಿ ಒಂದೇ ಸಮ ಬಂದ್ರೆ ಹೆಂಗೋ ನಡೀತದೆ. ಇದು ನಿಂತಂಗೆ ಮಾಡಿ ಒದೀತದೆ!'

'ಒಣಗಿದ ಕೆರೆ ಅಷ್ಟಗಲ ಬಿದ್ದಿದೆ. ನೀನು ಇಳಿಸ್ತೀಯೋ, ನಾನೇ ಹಾರಲೋ?'

ಇಮ್ರಾನ್ 'ಯಾ ಅಲ್ಲಾ' ಅನ್ನುತ್ತಾ ಮೂತಿ ಕೆಳಗೆ ಮಾಡಿದ. ಮೂತಿ ಅಂದರೆ ವಿಮಾನದ್ದು. ಚಕ್ರ ನೆಲ ಮುಟ್ಟಿತು. ನಾನು ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಪಕ್ಕದಿಂದ ನುಗ್ಗಿದ ಗಾಳಿ ನಮ್ಮನ್ನು ಎತ್ತಿ ಕುಕ್ಕಿತು, ಎಡರೆಕ್ಕೆ ಮೇಲೆದ್ದಿತು. ಇಂಥ ಸಂಕಟದಲ್ಲಿ ಗೆಳೆಯನಿಗೆ ನೆರವಾಗುವುದು ಸಜ್ಜನರ ಲಕ್ಷಣ. ಕೋಲು ಹಿಡಿದು ಎಳೆದೆ!

ವಿಮಾನ ಕೆರೆಯಂಗಳ ಬಿಟ್ಟು, ಮಾವನ ಕುರಿ ರೊಪ್ಪದ ಜಾಲಿಮುಳ್ಳಿನ ಬೇಲಿಗೆ ನುಗ್ಗಿ, ಮೂತಿ ಊರಿ ನಿಂತಿತು. ಕುರಿಗಳು ದಿಕ್ಕಾಪಾಲಾದವು. ಇಮ್ರಾನ್ ಬಟ್ಟೆ ಕೊಡವಿಕೊಂಡು ಇಳಿದ. ನಾನೂ ಇಳಿದೆ, ಬಲಗಾಲು ಮಾತ್ರ ಒಪ್ಪಲಿಲ್ಲ.

ಮಾವ ದೊಣ್ಣೆ ಹಿಡಿದು ಓಡಿಬಂದರು. 'ಯಾವನ್ಲಾ ಅವ್ನು?'

ಹೆಲ್ಮೆಟ್ಟು ತೆಗೆದೆ.

'ಅಯ್ಯೋ ಶಿವನೇ, ಅಳಿಯಂದ್ರು!'

ಹಿಂದೆಯೇ ಬಂದ ಅತ್ತೆ ಗಬಕ್ಕನೆ ಸೆರಗಲ್ಲಿ ಮುಖ ಮುಚ್ಚಿ ಬೆನ್ನು ತಿರುಗಿಸಿದರು. 'ನಾನ್ ನೋಡ್ನಿಲ್ಲ ಕಣಪ್ಪೋ! ಜೀವಂತ ಅವ್ರಾ ಕೇಳಿ!'

ಭಾಗ್ಯ ಬಂದಳು. ಅಳುತ್ತಾಳೆ ಅಂದುಕೊಂಡೆ.

'ಬಸ್ಸಿತ್ತಲ್ರೀ!' ಅಂದಳು.

ಡಾಕ್ಟರು ಪ್ಲಾಸ್ಟರ್ ಹಾಕಿ, ಮೂಳೆ ಕೂಡುವವರೆಗೆ ಕಾಲು ನೆಲಕ್ಕೆ ತಾಗಿಸಬಾರದು ಅಂದರು. 'ಮಧುಗಿರೀಲಿ ಒಬ್ರೇ ಹೆಂಗಿರ್ತೀರಾ? ನಮ್ಮನೇಗೇ ಬಂದ್ಬುಡಿ' ಅಂದರು ಮಾವ. ಕಾಲು ಮುರಿದರೂ ಕೆಲಸ ಕೆಟ್ಟಿಲ್ಲ ಅಂತ ಒಳಗೊಳಗೇ ಕುಣಿದೆ.

ಹೊಸಿಲು ತುಳಿಯುವಂತಿಲ್ಲವಲ್ಲ, ರೊಪ್ಪದ ಪಕ್ಕದ ಚಪ್ಪರದಲ್ಲಿ ನನಗೆ ಮಂಚ ಹಾಕಿದರು. ಬಾಗಿಲ ಮರೆಯಿಂದ ಅತ್ತೆಯ ತೀರ್ಪು ಬಂತು. 'ಆಸಾಡದಾಗೆ ಗಂಡ ಹೆಂಡ್ರು ಒಂದ್ಕಡೆ ಇರಂಗಿಲ್ಲ. ಭಾಗ್ಯನ್ನ ಕೊಳಾಲಕ್ಕೆ, ಅವ್ಳಕ್ಕನ ಮನೆಗೆ ಕಳಿಸ್ಬುಡಿ.'

ಅಂದೇ ಕಳಿಸಿಬಿಟ್ಟರು!

ಹೆಂಡತಿಯ ಮುಖ ನೋಡಲು ಆಕಾಶಕ್ಕೆ ಹಾರಿದವನು, ಈಗ ಬಲಕ್ಕೆ ಹೊರಳಿದರೆ ಮಾವನ ಮುಖ, ಎಡಕ್ಕೆ ಹೊರಳಿದರೆ ಟಗರಿನ ಮುಖ ನೋಡುತ್ತಾ ಬಿದ್ದಿದ್ದೇನೆ. ಮಾವನಾದರೂ ಆಗಾಗ ಎದ್ದು ಹೋಗುತ್ತಾರೆ. ಟಗರು ಹೋಗುವುದಿಲ್ಲ.