ದೊಡ್ಡಮ್ಮನ ಹುಳದ ಕಾನೂನು

ನಮ್ಮ ದೊಡ್ಡಮ್ಮನಿಗೆ ಮನುಷ್ಯರ ಮೇಲೆ ದ್ವೇಷವೇನೂ ಇಲ್ಲ. ಅವರಿಗಿಂತ ಮೇಲ್ಮಟ್ಟದ ಜೀವಿಗಳ ಜೊತೆ ಬಾಳಿ ಅಭ್ಯಾಸ, ಅಷ್ಟೇ!

ಆ ಜೀವಿಗಳು ರೇಷ್ಮೆ ಹುಳುಗಳು. ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಮೂವತ್ತು ವರ್ಷ ಹುಳ ಸಾಕಿದವಳು ಅವಳು. ತೋಟವಿದ್ದ ಜಾಗಕ್ಕೆ ಅಪಾರ್ಟ್‌ಮೆಂಟ್ ಬಂದು, ಅದರ ಮೂರನೇ ಮಹಡಿಗೆ ಅವಳೂ ಬಂದು ಹದಿನೈದು ವರ್ಷವಾಯಿತು. ಈಗ ಹುಳ ಒಂದೂ ಇಲ್ಲ. ಹುಳದ ಕಾನೂನುಗಳು ಮಾತ್ರ ಹಾಗೇ ಇವೆ. ಲಿಫ್ಟಿನಿಂದ ಇಳಿದರೆ ಬಾಗಿಲಲ್ಲೇ ಬಕೆಟ್ ನೀರು, ಚೊಂಬು. ಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಗ್ಯಾಸ್ ತರುವವನೂ ತೊಳೆಯುತ್ತಾನೆ; ಸಿಲಿಂಡರಿಗೂ ಒಂದು ಚೊಂಬು ಬೀಳುತ್ತದೆ. ಹುಳಕ್ಕೆ ಹೊಗೆ, ವಾಸನೆ ಆಗದು; ಹಾಗಾಗಿ ಊದಿನಕಡ್ಡಿ ನಿಷಿದ್ಧ, ದೇವರಿಗೆ ಬರೀ ದೀಪ. ಸೊಳ್ಳೆ ಬತ್ತಿಯೂ ನಿಷಿದ್ಧ. ಆ ಮನೆಯ ಸೊಳ್ಳೆಗಳ ಆರೋಗ್ಯ ನೀವು ನೋಡಬೇಕು! ಹುಳದ ತಟ್ಟೆಗೆ ಇರುವೆ ಹತ್ತಬಾರದೆಂದು ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು ಪದ್ಧತಿ. ಈಗ ಸ್ಟ್ಯಾಂಡೇ ಇಲ್ಲವಲ್ಲ? ತನ್ನ ಮಂಚದ ನಾಲ್ಕು ಕಾಲನ್ನೂ ಬಟ್ಟಲಲ್ಲಿಟ್ಟಿದ್ದಾಳೆ. ಮೂರನೇ ಮಹಡಿಯಲ್ಲಿ ದ್ವೀಪ ಮಾಡಿಕೊಂಡು ಮಲಗುವ ಹೆಂಗಸು ಬೆಂಗಳೂರಿನಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ!

ಒಮ್ಮೆ ನೆಂಟರ ಹುಡುಗನೊಬ್ಬ ಸೆಂಟು ಹಾಕಿಕೊಂಡು ತನ್ನ ಮದುವೆಗೆ ಕರೆಯಲು ಬಂದ. ದೊಡ್ಡಮ್ಮ ಬಾಗಿಲಿಂದಲೇ ಕೈ ಅಡ್ಡ ಹಿಡಿದಳು. "ಅಲ್ಲೇ ಮೆಟ್ಲಲ್ಲಿ ನಿಂತ್ಕಂಡು ಕರಿಯಪ್ಪ, ಕೇಳಿಸ್ತದೆ." ಇಡೀ ಮಹಡಿಗೆ ಕೇಳಿಸಿತು. ಎದುರು ಮನೆಯವರೂ ಮದುವೆಗೆ ಹೋಗಿ ಉಂಡು ಬಂದರು.

ಹೈಸ್ಕೂಲಿನಿಂದ ಡಿಗ್ರಿವರೆಗೆ ನಾನು ಓದಿದ್ದು ಅವಳ ಹಳೇ ತೋಟದ ಮನೆಯಲ್ಲಿದ್ದುಕೊಂಡೇ. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವರಿರಲಿಲ್ಲ. ನಾನು ಬಿ.ಎಸ್ಸಿ., ಅದರಲ್ಲೂ ಪ್ರಾಣಿಶಾಸ್ತ್ರ! ಇದನ್ನು ಎಲ್ಲೆಲ್ಲಿ ಹೇಳಬಹುದೋ ಅಲ್ಲೆಲ್ಲ ಹೇಳುತ್ತೇನೆ. ಕಷ್ಟಪಟ್ಟು ಪಡೆದದ್ದನ್ನು ಬಚ್ಚಿಡಲು ನನಗೇನು ಹುಚ್ಚೇ? ನಡುವೆ ಒಂದು ವರ್ಷ ಎರಡು ವಿಷಯದಲ್ಲಿ ಫೇಲಾದದ್ದನ್ನು ಮಾತ್ರ ಎಲ್ಲೂ ಹೇಳುವುದಿಲ್ಲ. ಆದರೆ ಹುಳ ಸಾಕುವ ಕೋಣೆಯೊಳಗೆ ನನ್ನನ್ನು ಅವಳು ಒಂದು ದಿನವೂ ಬಿಟ್ಟವಳಲ್ಲ. ಅವಳ ಮಕ್ಕಳೆಲ್ಲ ಸೊಪ್ಪು ಕತ್ತರಿಸುತ್ತಿದ್ದರೆ ನಾನು ಹೊಸ್ತಿಲಾಚೆ. "ಓದೋಳಿಗೆ ಇಲ್ಲೇನ್ ಕೆಲ್ಸ? ಓಗು!"

ಈಗ ತಣಿಸಂದ್ರದ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಮೊನ್ನೆ ಶನಿವಾರ ಜೊತೆಯ ಟೀಚರುಗಳಾದ ಶ್ವೇತಾ, ನವೀನ ಇಬ್ಬರೂ ಮ್ಯೂಸಿಯಮ್ಮಿನಲ್ಲಿ ಜೀವಂತ ಕೀಟಗಳ ಪ್ರದರ್ಶನವಿದೆ, ಹೋಗೋಣ ಎಂದರು. ಸುದ್ದಿ ದೊಡ್ಡಮ್ಮನ ಕಿವಿಗೆ ಬಿತ್ತು.

"ಉಳ ನೋಡಕ್ಕೆ ಟಿಕೆಟ್ ತಗಂಡ್ ಓಯ್ತಾರಾ? ನಾನೂ ಬತ್ತೀನಿ. ಯಾರು ಆ ಪೆದ್ದುಗಳು ಅಂತ ನೋಡ್ಬೇಕು."

ಹೆಬ್ಬಾಳದ ಫ್ಲೈಓವರ್ ಮೇಲೆ ನವೀನನ ಕಾರು ಮುಕ್ಕಾಲು ಗಂಟೆ ನಿಂತಿತ್ತು. ಅಷ್ಟೂ ಹೊತ್ತು ದೊಡ್ಡಮ್ಮ ಕಿಟಕಿಯಾಚೆ ತಲೆ ಹಾಕಿ ಕೂತಿದ್ದಳು. ಶ್ವೇತಾ ಸೆಂಟು ಹಾಕಿಕೊಂಡಿದ್ದಳು.

ಮ್ಯೂಸಿಯಮ್ಮಿನಲ್ಲಿ ಮೊದಲು ಸಿಕ್ಕಿದ್ದು ಯಾವುದೋ ದೇಶದ ಅಂಗೈಯಗಲದ ಜಿರಲೆಗಳು. "ಇವಕ್ಕೂ ಗಾಜಿನ ಮನೆನಾ? ನಮ್ ಅಡಿಗೆಮನೇವು ಕೇಳಿಸ್ಕಂಡ್ರೆ ಒಟ್ಟೆ ಉರ್ಕಂತವೆ." ಮುಂದಿನ ಪೆಟ್ಟಿಗೆಯಲ್ಲಿ ಕಡ್ಡಿಯಂಥದೇ ರೂಪದ ಕೀಟ. "ಇದ್ರಲ್ಲೇನೈತೆ? ಬರೀ ಕಡ್ಡಿ ಇಟ್ಟು ಮೋಸ ಮಾಡವ್ರೆ!" ಎನ್ನುವಷ್ಟರಲ್ಲಿ ಕಡ್ಡಿ ನಡೆಯಿತು. ದೊಡ್ಡಮ್ಮ ಅಲ್ಲೇ ನಿಂತುಬಿಟ್ಟಳು.

ನಾವು ಮೂವರು ಮುಂದೆ ಹೋದೆವು. ಅಲ್ಲೊಂದು ತಟ್ಟೆ ತುಂಬ ರೇಷ್ಮೆ ಹುಳು. ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡ ಹುಡುಗಿಯೊಬ್ಬಳು ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು, ಅಳುವುದೊಂದು ಬಾಕಿ ಎಂಬಂತೆ ನಿಂತಿದ್ದಳು.

"ಬೆಳಿಗ್ಗೆಯಿಂದ ಸೊಪ್ಪು ಮುಟ್ಟಿಲ್ಲ ಮೇಡಂ, ಅಲ್ಲಾಡ್ತಾನೂ ಇಲ್ಲ. ನಾನು ಸೇರಿ ಒಂದು ವಾರ ಆಗಿದೆ ಅಷ್ಟೇ. ನಾಳೆ ಭಾನುವಾರ, ಜನ ತುಂಬ್ತಾರೆ. ನಾನೇ ಸಾಯಿಸ್ದೆ ಅಂತಾರೆ ನಮ್ ಸರ್."

ನಾನು ಬಗ್ಗಿ ನೋಡಿದೆ. ಕನ್ನಡಕ ಸರಿಮಾಡಿಕೊಂಡೆ. "ಸತ್ತಿವೆ. ಏನೋ ಸೋಂಕಿರಬೇಕು. ಬೇರೆಯವಕ್ಕೆ ಹರಡೋ ಮೊದಲು ಎಸೆದುಬಿಡಿ. ನಾನು ಜುವಾಲಜಿ ಓದಿದೀನಿ" ಎಂದೆ.

ಹುಡುಗಿ ಕವರ್ ಬಿಡಿಸಿದಳು. ಅಷ್ಟರಲ್ಲಿ ದೊಡ್ಡಮ್ಮ ಬಂದಳು. ತಟ್ಟೆ ಕಂಡದ್ದೇ ಚಪ್ಪಲಿ ಬಿಟ್ಟಳು. ಬಕೆಟ್ಟಿಗಾಗಿ ಅತ್ತಿತ್ತ ನೋಡಿ, ನವೀನನ ನೀರಿನ ಬಾಟಲಿ ಕಿತ್ತುಕೊಂಡು ಮೂಲೆಯ ಹೂಕುಂಡದಲ್ಲಿ ಕೈ ತೊಳೆದಳು. ಹುಳುಗಳ ಮೇಲೆ ಬಗ್ಗಿದಳು.

"ಯಾವೋಳು ಸತ್ತವೆ ಅಂದೋಳು?"

ಗೆಳೆಯರೆಂದರೆ ಹೀಗಿರಬೇಕು: ಇಬ್ಬರೂ ಒಟ್ಟಿಗೆ ನನ್ನ ಕಡೆ ಕೈ ತೋರಿಸಿದರು!

"ಕತ್ತೆತ್ಕಂಡ್ ಕುಂತವೆ ಕಣೆ! ಸತ್ತ ಉಳ ಕತ್ತೆತ್ತದಾ? ಜ್ವರಕ್ಕೆ ಕುಂತವೆ. ನಾಕನೇದು."

ಹಳೆಯ ಚರ್ಮ ಕಳಚುವ ಮೊದಲು ಹುಳ ಒಂದು ದಿನ, ಒಂದೂವರೆ ದಿನ ತಿನ್ನದೆ, ಅಲ್ಲಾಡದೆ ಕೂರುತ್ತದೆ. ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ; ಗೂಡು ಕಟ್ಟುವ ಮೊದಲು ಇಂಥ ನಾಲ್ಕು ಜ್ವರ ಬರುತ್ತವೆ. ನನ್ನ ಪುಸ್ತಕದಲ್ಲಿ ಅದಕ್ಕೊಂದು ದೊಡ್ಡ ಹೆಸರಿತ್ತು. ಐದು ಅಂಕಕ್ಕೆ ಬರೆದೂ ಇದ್ದೆ. ಕಣ್ಣಾರೆ ನೋಡಿರಲಿಲ್ಲ, ಅಷ್ಟೇ.

ದೊಡ್ಡಮ್ಮ ಹುಡುಗಿಗೆ ಹೇಳಿದಳು: "ಮುಟ್ಬೇಡ. ಸೊಪ್ಪು ಆಕ್ಬೇಡ. ಮೇಲೆ ಬಗ್ಗಿ ಮಾತಾಡ್ಬೇಡ. ಅದ್ರ ಕೆಲ್ಸ ಅದು ಮಾಡ್ಕಂತದೆ. ಎಲ್ಲಾ ಎದ್ ಮ್ಯಾಲೆ ಎಳೇ ಸೊಪ್ಪು ಆಕು. ಆಮ್ಯಾಕೆ ನೋಡು ಅವು ಉಣ್ಣೋದ!"

ಹುಡುಗಿ ಕವರ್ ಮಡಚಿ ಜೇಬಿಗಿಟ್ಟಳು. ದೊಡ್ಡಮ್ಮ ಅವಳ ಸ್ಟೂಲೆಳೆದು ತಟ್ಟೆಯ ಮುಂದೆ ಕೂತಳು. ಮ್ಯೂಸಿಯಂ ಮುಚ್ಚುವವರೆಗೂ ಏಳಲಿಲ್ಲ. ಸೆಲ್ಫಿಗೆ ಬಂದ ಸಂಸಾರವನ್ನು "ಅಲ್ಲಿಂದ್ಲೇ ನೋಡ್ರಪ್ಪ, ಮಲ್ಗವೆ" ಎಂದು ಸಾಗಹಾಕಿದಳು.

"ಗುರು, ಈಗ ಜನ ದೊಡ್ಡಮ್ಮನ್ನೇ ನೋಡ್ತಾವ್ರೆ" ಎಂದ ನವೀನ.

ನಾನೂ ನೋಡುತ್ತಿದ್ದೆ. ಒಂದು ಕೈ ಮೊಣಕಾಲ ಮೇಲೆ, ಇನ್ನೊಂದು ದಾರಿಗೆ ಅಡ್ಡ. ಹೀಗೆ ಕೂತದ್ದನ್ನು ಹಿಂದೆಲ್ಲೋ ಕಂಡಿದ್ದೆ.

ಫೇಲಾದ ವರ್ಷ. ನಾನು ಗೋಡೆ ಕಡೆ ತಿರುಗಿ ಮಲಗಿದವಳು ನಾಲ್ಕು ದಿನ ಏಳಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಗಂಡು ನೋಡಿ ಎನ್ನುವವರು, ಗಾರ್ಮೆಂಟ್ಸಿಗೆ ಸೇರಿಸಿ ಎನ್ನುವವರು, ಬುದ್ಧಿ ಹೇಳಲು ಬಂದ ನಮ್ಮಮ್ಮ, ಯಾರನ್ನೂ ದೊಡ್ಡಮ್ಮ ಒಳಗೆ ಬಿಡಲಿಲ್ಲ. ಕೋಣೆಯ ಹೊಸ್ತಿಲಲ್ಲಿ ಹೀಗೇ ಕೂತಿದ್ದಳು. ನನ್ನೊಂದಿಗೂ ಒಂದು ಮಾತಾಡಲಿಲ್ಲ. ನನ್ನಿಂದ ಅವಳಿಗೆ ನಾಚಿಕೆಯಾಗಿದೆ, ಅದಕ್ಕೇ ಮುಚ್ಚಿಡುತ್ತಿದ್ದಾಳೆ ಎಂದುಕೊಂಡಿದ್ದೆ. ಇಷ್ಟು ವರ್ಷವೂ ಹಾಗೇ ಅಂದುಕೊಂಡಿದ್ದೆ. ಐದನೇ ದಿನ ಎದ್ದಾಗ ತಟ್ಟೆಯಲ್ಲಿ ಬಿಸಿ ಮುದ್ದೆಯಿತ್ತು, ಪಕ್ಕದಲ್ಲಿ ನನ್ನ ಪುಸ್ತಕಗಳು.

ಭಾನುವಾರ ಮಧ್ಯಾಹ್ನ, ನನ್ನ ನಂಬರ್ ಬರೆದುಕೊಂಡಿದ್ದ ಆ ಹುಡುಗಿ ಫೋನ್ ಮಾಡಿದಳು. ಎಲ್ಲವೂ ಎದ್ದಿವೆ, ಸೊಪ್ಪು ತಿನ್ನುವ ಸದ್ದು ತುಂತುರು ಮಳೆಯಂತೆ ಕೇಳುತ್ತಿದೆ ಎಂದಳು. ನಾನು ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಎದ್ವಂತೆ ದೊಡ್ಡಮ್ಮ."

"ಏಳ್ದೆ ಏನು?"

"ಅವತ್ತು ನಾನು ಫೇಲಾದಾಗ ಬಾಗ್ಲಲ್ಲಿ ಕುಂತಿದ್ಯಲ್ಲ..."



"ಇನ್ನೇನ್ ಮಾಡ್ಲಿ ಮಗಾ? ನಿನ್ ಪುಸ್ತಕ ನಂಗೆ ಓದಕ್ಕೆ ಬತ್ತಿರ್ಲಿಲ್ಲ. ನಂಗೆ ಗೊತ್ತಿದ್ದಿದ್ದು ಅದೊಂದೇ ಕೆಲ್ಸ."

ಆ ಸಂಜೆ ಪುಟ್ಟೇನಹಳ್ಳಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಯಾರೂ ಹೇಳದಿದ್ದರೂ ಎರಡು ಚೊಂಬು ನೀರು ಹಾಕಿಕೊಂಡು ಕಾಲು ತೊಳೆದೆ.