ಬೀಟಾ ನಮ್ಮ ಮನೆಗೆ ಬಂದದ್ದು

ಗ್ರೀಕ್ ಅಕ್ಷರಗಳಿಗೆ ತಮ್ಮದೇ ಆದ ಒಂದು ದೇಶವಿದೆ, ಅಲ್ಲಿ ಅವುಗಳಿಂದ ಜನ ಅಂಗಡಿಯ ಬೋರ್ಡು ಬರೆಸುತ್ತಾರೆ, ಮಕ್ಕಳಿಗೆ ಹೆಸರಿಡುತ್ತಾರೆ ಎಂಬುದು ಗಣಿತದ ಮಾಸ್ತರರಿಗೆ ನೆನಪಾಗುವುದು ಕಡಿಮೆ. ನಮ್ಮ ಪಾಲಿಗೆ ಅವು ಕರಿಹಲಗೆಯ ಮೇಲೆ ಕೂಲಿಗೆ ಬಂದವು. ಶಹಾಪುರದ ನಮ್ಮ ಹೈಸ್ಕೂಲಿನಲ್ಲಂತೂ ಅವಕ್ಕೆ ಸ್ವಂತ ಹೆಸರೂ ಉಳಿದಿಲ್ಲ. ಥೀಟಾ ಎಂದರೆ ಹಿಂದಿನ ಬೆಂಚಿನವರಿಗೆ ತೀಟೆ. ಒಂದು ದಿನ ಉತ್ಸಾಹ ಬಂದು ಪೂರ್ತಿ ವರ್ಣಮಾಲೆಯನ್ನೇ ಹೇಳಿಕೊಡಲು ಹೋದೆ. 'ಕೈ' ಎಂದೆ, ತರಗತಿಯೆಲ್ಲ ಕೈ ಎತ್ತಿತು. 'ಸೈ' ಎಂದೆ; ಇಳಿಸಿತು. ಸರಿಯಾದ ಉಚ್ಚಾರವನ್ನಾದರೂ ತಿಳಿಯೋಣವೆಂದು ಮೊಬೈಲಿನಲ್ಲಿ ಒಬ್ಬ ಗ್ರೀಕನನ್ನು ಹುಡುಕಿದರೆ ಅವನು ಪೈಯನ್ನು 'ಪೀ' ಅಂದ, ಬೀಟಾವನ್ನು 'ವೀಟಾ' ಅಂದ. ನಮ್ಮ ಕಡೆಯ ಉರ್ದು ಮಾತಿನಲ್ಲಿ ಪೀ ಎಂದರೆ ಕುಡಿ ಎಂದರ್ಥ. ಮಾಸ್ತರನಾದವನು ಹಲಗೆಯ ಮುಂದೆ ನಿಂತು ಅದನ್ನು ಪದೇಪದೇ ಹೇಳುವುದು ಚೆನ್ನಾಗಿರುವುದಿಲ್ಲವೆಂದು ಬಿಟ್ಟುಬಿಟ್ಟೆ. ಒಂದು ಅಕ್ಷರದ ಹೆಸರು ಹಾಗಿದ್ದರೇನು, ಹೀಗಿದ್ದರೇನು, ಯಾರ ಪ್ರಾಣ ಹೋಗುತ್ತದೆ ಅಂದುಕೊಂಡಿದ್ದೆ.

ನನ್ನ ತಮ್ಮ ಶರಣು ಗೋಗಿಯಲ್ಲಿ ಹೊಲ ನೋಡಿಕೊಂಡಿದ್ದಾನೆ. ನಮ್ಮವ್ವ ಅವನ ಜೊತೆಗೇ ಇದ್ದಾಳೆ. ಸುರಪುರಕ್ಕೆ ಕೊಟ್ಟಿದ್ದ ನಮ್ಮಕ್ಕನ ಮಗಳು ಸವಿತಾಳನ್ನೇ ಅವನಿಗೆ ತಂದುಕೊಂಡೆವು. ಸವಿತಾಗೆ ನಾವಿಬ್ಬರೂ ಸೋದರಮಾವಂದಿರು. ಒಬ್ಬ ಗಂಡನಾದ, ನಾನು ಮಾಮಾ ಆಗಿಯೇ ಉಳಿದೆ. ಇದು ಅವ್ವನ ಹಟದಿಂದಾದ ಮದುವೆ. "ಮನ್ಯಾಗ ಚಿನ್ನದಂಥ ಹುಡುಗಿ ಇಟ್ಕೊಂಡು ಹೊರಗಿಂದು ಯಾಕ ತರಬೇಕು?" ಎಂದಿದ್ದಳು. ಮರುವರ್ಷ ಹೆಣ್ಣುಮಗು ಹುಟ್ಟಿತು. ಗೌರಿ ಎಂದು ಹೆಸರಿಟ್ಟರು.

ಗೌರಿ ಬೆಳೆಯುತ್ತ ಬೆಳ್ಳಗಾಗತೊಡಗಿದಳು. ನಮ್ಮ ಮನೆತನದಲ್ಲಿ ಬಿಳಿ ಬಣ್ಣ ಜೋಳದ ರೊಟ್ಟಿಗಷ್ಟೇ ಮೀಸಲು. ಹೀಗಾಗಿ ಅವ್ವನ ಹಿಗ್ಗು ಹೇಳತೀರದು. ಓಣಿಯವರಿಗೆಲ್ಲ ಕೂಸನ್ನು ಎತ್ತಿ ತೋರಿಸುವಳು. "ನೋಡ್ರಿ, ಹಾಲಿನಾಗ ಅದ್ದಿ ತಗದಂಗ ಆಗ್ಯಾಳ." ಆಮೇಲೆ ಹಾಲಿನಲ್ಲಿ ಅದ್ದಿದಂಥ ಕೂಸು ಆಡುವುದನ್ನು ಬಿಟ್ಟಿತು. ಎರಡು ಹೆಜ್ಜೆ ಇಟ್ಟರೆ ಕೂತುಬಿಡುತ್ತಿತ್ತು. ಅಂಗನವಾಡಿಯ ಟೀಚರಮ್ಮ ಅದರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಇದು ಬಣ್ಣ ಅಲ್ಲವ್ವ, ಮೈಯಾಗ ರಕ್ತನೇ ಇಲ್ಲ. ಕಲಬುರಗಿಗೆ ಒಯ್ರಿ" ಎಂದಳು.

ಆಗ ನಾನು ಪರೀಕ್ಷೆಯ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆ. ಶರಣು, ಸವಿತಾ, ಅವ್ವ ಮೂವರೇ ಹೋದರು. ರಕ್ತದ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಮಗುವಿಗೆ ಬೀಟಾ ಥಲಸ್ಸೀಮಿಯಾ ಇದೆ, ಹುಟ್ಟಿನಿಂದಲೇ ಬಂದ ರಕ್ತದ ಕಾಯಿಲೆ, ಬೇಗ ರಕ್ತ ಹಾಕಿಸಬೇಕು ಎಂದರಂತೆ. ಅವರ ಬಾಯಲ್ಲಿ ಆ ಅಕ್ಷರ 'ಬೇಟಾ' ಎಂದೇ ಬಂತು. ಹಾಗೆ ಹೇಳುವವರೂ ಬಹಳ ಜನ ಇದ್ದಾರೆ. ಅವ್ವನಿಗೆ ಮುಂದಿನ ಉದ್ದನೆಯ ಹೆಸರು ಕೇಳಿಸಲೇ ಇಲ್ಲ. ನಿಜಾಮನ ಸೀಮೆಯಲ್ಲಿ ಹುಟ್ಟಿ ಬೆಳೆದವಳಿಗೆ ಬೇಟಾ ಎಂದರೆ ಮಗ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

"ಬೇಟಾಗ ಬರೋ ರೋಗ ಬೇಟಿಗೆ ಹ್ಯಾಂಗ ಬಂತ್ರಿ ಬಾಯಾರ?" ಎಂದು ಅಲ್ಲೇ ಜಗಳ ತೆಗೆದಳು. "ಯಾರದೋ ಗಂಡುಹುಡುಗನ ರಕ್ತದ ಕಾಗದ ನಮ್ಮ ಕೂಸಿನ ಹೆಸರಿಗೆ ಹಚ್ಚೀರಿ!"

ಡಾಕ್ಟರಮ್ಮನ ಬಾಗಿಲಲ್ಲಿ ಜಾತ್ರೆಯಷ್ಟು ಜನ. ಅವರು ಮತ್ತೊಮ್ಮೆ ಹೇಳಿದರು, ಮಗುವನ್ನು ಭರ್ತಿ ಮಾಡಿ ಎಂದರು, ಒಳಗಿನಿಂದ ಕರೆ ಬಂತು, ಎದ್ದು ಹೋದರು. ಅವ್ವ ಕೂಸನ್ನೆತ್ತಿಕೊಂಡು ಸೀದಾ ಬಸ್‌ಸ್ಟ್ಯಾಂಡಿಗೆ ನಡೆದಳು. ಶರಣು ರಕ್ತಪರೀಕ್ಷೆಯ ಕಾಗದ ಹಿಡಿದು ನನಗೆ ಫೋನು ಮಾಡಿದ. ಗದ್ದಲದಲ್ಲಿ ಅವನು ಓದಿದ 'ಬೀಟಾ', ಅವ್ವ ಕೂಸನ್ನು ತಿರುಗಿ ಕರೆತಂದದ್ದು, ಇಷ್ಟೇ ನನಗೆ ಕೇಳಿಸಿತು. "ಅಂಜಬ್ಯಾಡ, ನಾ ಬಂದು ಎಲ್ಲಾ ತಿಳಿಸಿ ಹೇಳ್ತೀನಿ" ಎಂದೆ. ತಿಳಿಸಿ ಹೇಳುವುದು ನಮ್ಮ ವೃತ್ತಿಯ ಕೆಟ್ಟ ಚಟ. ಹೊರಡು, ಈಗಲೇ ಆಸ್ಪತ್ರೆಗೆ ತಿರುಗಿ ಹೋಗು ಅನ್ನಬೇಕಾದ ಕಡೆ ಪಾಠದ ಆಶ್ವಾಸನೆ ಕೊಟ್ಟೆ.

ಪಾಠಕ್ಕೆ ನಾನು ಬರುವವರೆಗೆ ಮನೆಯಲ್ಲಿ ಸ್ವಂತ ಚಿಕಿತ್ಸೆ ನಡೆಯಿತು. ಶರಣು ಆ ಹೆಸರಿನಲ್ಲಿ ಬೀಟ್‌ರೂಟನ್ನು ಕಂಡುಕೊಂಡಿದ್ದ. ಶಹಾಪುರದ ಸಂತೆಯಿಂದ ಚೀಲಗಟ್ಟಲೆ ತಂದ. ಅವ್ವ ಔಷಧದ ಅಂಗಡಿಯಿಂದ ರಕ್ತ ಹೆಚ್ಚಾಗುವ ಕಬ್ಬಿಣದ ಟಾನಿಕ್ ತಂದು ಚಮಚ ಚಮಚ ಕುಡಿಸಿದಳು. ಕೂಸಿನ ತುಟಿ, ಲಂಗ, ಚಾಪೆ ಎಲ್ಲ ಕೆಂಪಾಯಿತು. ಕೂಸು ಮಾತ್ರ ಸುಣ್ಣದಂತೆಯೇ ಉಳಿಯಿತು. ಒಂದು ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಎದೆ ಮಾತ್ರ ಓಡಿ ಬಂದವರ ಎದೆಯಂತೆ ಏರಿಳಿಯುತ್ತಿತ್ತು.

ನಾನು ಕಲಬುರಗಿ ತಲುಪಿದಾಗ ಗೌರಿಯ ಕೈಗೆ ಸೂಜಿ ಚುಚ್ಚಿ ರಕ್ತ ಏರಿಸುತ್ತಿದ್ದರು. ಇನ್ನೂ ಒಂದು ದಿನ ತಡೆದಿದ್ದರೆ ತರುವ ಕೆಲಸ ಇರುತ್ತಿರಲಿಲ್ಲ ಎಂದು ಡಾಕ್ಟರಮ್ಮ ನನ್ನ ಮುಖ ನೋಡದೆ ಹೇಳಿದರು. ಈ ಮಕ್ಕಳ ಮೈಯಲ್ಲಿ ಕಬ್ಬಿಣ ತಾನಾಗಿಯೇ ತುಂಬುತ್ತದೆ, ಮೇಲೆ ಟಾನಿಕ್ ಕುಡಿಸುವುದು ವಿಷವಿಟ್ಟಂತೆ ಎಂದರು. ಅವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ನಾನು ಸವಿತಾಳ ಹತ್ತಿರ ಹೋಗಿ ಶುರುಮಾಡಿದೆ: ಬೀಟಾ ಅಂದರೆ ಮಗನಲ್ಲ, ಗಡ್ಡೆಯಲ್ಲ, ಅದು ಗ್ರೀಕರ ಎರಡನೆಯ ಅಕ್ಷರ, ಹಿಮೋಗ್ಲೋಬಿನ್ ಎಂಬುದರಲ್ಲಿ ಆಲ್ಫಾ ಅಂತ ಒಂದು ಎಳೆ, ಬೀಟಾ ಅಂತ...

"ಮಾಮಾ," ಅವಳು ತಡೆದಳು, "ಅದು ಏನರೆ ಇರ್ಲಿ. ಹೋಗ್ತದೋ ಇಲ್ಲೋ, ಅಷ್ಟು ಹೇಳ್ರಿ."

"ಹೋಗಂಗಿಲ್ಲವ್ವ."

"ಈ ರಕ್ತ ಎಲ್ಲೀತನ ಹಾಕಸಬೇಕು?"

"ಇರೋತನ."

ಅವಳು ತಲೆಯಾಡಿಸಿ ಮಗುವಿನ ಕಾಲಿನ ಮೇಲೆ ಸೆರಗು ಹೊದಿಸಿದಳು. ನನ್ನ ಇಡೀ ಪಾಠ ಎರಡು ಮಾತಿನಲ್ಲಿ ಮುಗಿದುಹೋಗಿತ್ತು.

ರಜೆ ಮುಗಿಸಿ ಶಾಲೆಗೆ ಬಂದಾಗ ನಮ್ಮ ಉರ್ದು ಮಾಸ್ತರರಾದ ಖಾದರ್ ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. ಅವರು, "ಸರ್, ನಿಮ್ಮ ಆಲ್ಫಾ ಬೀಟಾ, ನಮ್ಮ ಅಲಿಫ್ ಬೇ ಒಂದೇ ಖಾನದಾನಿನವು. ಬೇಟಾಕ್ಕ ಇದರ ಸಂಬಂಧ ಇಲ್ಲ. ಹಳೇ ಕಾಲದಾಗ ಆ ಅಕ್ಷರದ ಹೆಸರಿಗೆ ಮನಿ ಅಂತ ಅರ್ಥ ಇತ್ತು. ಅರಬ್ಬಿಯೊಳಗ ಇಂದಿಗೂ ಬೈತ್ ಅಂದ್ರ ಮನೀನೇ" ಎಂದರು.

ಭಾನುವಾರ ಗೋಗಿಗೆ ಹೋಗಿ ಅವ್ವನಿಗೆ ಅದನ್ನೇ ಹೇಳಿದೆ. ತಿಳಿಸಿ ಹೇಳುವ ಚಟ ಅಷ್ಟಕ್ಕೆಲ್ಲ ಬಿಡುವುದಿಲ್ಲ. ಅವ್ವ ಕಾಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಮನಿ ಅಂತೇನು? ಹಂಗಾದ್ರ ಹೊರಗಿಂದ ಬಂದಿಲ್ಲ ಇದು."

ಆ ವಾರವೇ ಅವಳು ತಾನಾಗಿ ನನ್ನನ್ನೂ ಸೇರಿಸಿ ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು ಕಲಬುರಗಿಗೆ ಹೋಗಿ ಎಲ್ಲರ ರಕ್ತ ಪರೀಕ್ಷೆ ಮಾಡಿಸಿದಳು. ಕಾಯಿಲೆಯ ಅರ್ಧಪಾಲು ಶರಣುವಿನಲ್ಲಿ ಇತ್ತು, ಸವಿತಾಳಲ್ಲಿ ಇತ್ತು, ಅದು ಗೊತ್ತಿದ್ದದ್ದೇ. ಅವ್ವನಲ್ಲೂ ಇತ್ತು. ನನ್ನಲ್ಲೂ ಇತ್ತು. ಅರ್ಧಪಾಲಿನವರಿಗೆ ತೊಂದರೆಯಿಲ್ಲ, ಅರ್ಧಕ್ಕೆ ಅರ್ಧ ಕೂಡಿದಾಗಲೇ ಮಗುವಿಗೆ ಕಷ್ಟ ಎಂದು ಡಾಕ್ಟರಮ್ಮ ಹೇಳುತ್ತಿದ್ದಾಗ ಅವ್ವ ನನ್ನ ಕಡೆ ತಿರುಗಿ, "ನಿನಗೂ ಕೊಟ್ಟೀನೇನಪಾ?" ಎಂದಳು.

"ನನಗೇನೂ ಆಗೂದಿಲ್ಲವ್ವ."

"ಆಗೂದಿಲ್ಲ, ಹೌದು. ಆಗೂದೆಲ್ಲ ಆ ಕೂಸಿಗೆ."

ಈಗ ಪ್ರತಿ ತಿಂಗಳು ಗೌರಿಯ ಜೊತೆ ಕಲಬುರಗಿಯ ಬಸ್ಸು ಹತ್ತುವವಳು ಅವ್ವನೇ. ರಕ್ತ ಇಳಿದು ಮುಗಿಯುವವರೆಗೂ ಹಾಸಿಗೆಯ ಪಕ್ಕ ಕೂತಿರುತ್ತಾಳೆ. ಮೊಮ್ಮಗಳ ಕೆನ್ನೆ ಸ್ವಲ್ಪ ಕಪ್ಪುಗೆಂಪಾದರೆ ಅವಳ ಮುಖಕ್ಕೆ ಜೀವ ಬರುತ್ತದೆ. ಗೌರಿ ಓಡುತ್ತಾಳೆ, ಬೀಳುತ್ತಾಳೆ. ತಿಂಗಳ ಕೊನೆಗೆ ಮತ್ತೆ ಬೆಳ್ಳಗಾಗಿ ಹೊಸ್ತಿಲ ಮೇಲೆ ಕೂರುತ್ತಾಳೆ.

ಮೊನ್ನೆ ಹತ್ತನೆಯ ತರಗತಿಯಲ್ಲಿ ಬಹುಪದೋಕ್ತಿಯ ಪಾಠ. ಅದರ ಎರಡು ಉತ್ತರಗಳು, ಅಂದರೆ ಶೂನ್ಯತೆಗಳು, ಆಲ್ಫಾ ಮತ್ತು ಬೀಟಾ ಆಗಿರಲಿ ಎಂದು ಪುಸ್ತಕ ಹೇಳುತ್ತದೆ. ಆಲ್ಫಾ ಬರೆದೆ. ಮುಂದಿನದಕ್ಕೆ ಕೈ ಏಳಲಿಲ್ಲ. ಒರೆಸಿ, ಹಳೆಯ ಪುಸ್ತಕಗಳಲ್ಲಿದ್ದ ಹಾಗೆ m, n ಎಂದು ಬರೆದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಪುಸ್ತಕದಾಗ ಬ್ಯಾರೆ ಅದಾವಲ್ರಿ?"

"ಹೆಸರು ಯಾವುದಾದ್ರೇನವ್ವ, ಉತ್ತರ ಅದೇ ಬರ್ತದ" ಎಂದೆ.

ಅವಳು ಒಪ್ಪಿ ಕೂತಳು. ಸೇವೆಗೆ ಸೇರಿದಂದಿನಿಂದ ಇಷ್ಟು ಸರಿಯಾದ ವಾಕ್ಯವನ್ನು ತರಗತಿಯಲ್ಲಿ ನಾನು ಆಡಿದ್ದು ಇದೇ ಮೊದಲಿರಬೇಕು. ಆದರೂ ಹಲಗೆಯ ಕಡೆ ತಿರುಗಿದವನು ಗಂಟೆ ಬಾರಿಸುವವರೆಗೆ ಮಕ್ಕಳ ಕಡೆ ಮುಖ ಮಾಡಲಿಲ್ಲ.