ಪಾಲಿಬೆಟ್ಟದ ಕಾರಿಗೆ ಊರು ಸಿಕ್ಕಿದ್ದು

"ಹೊರಗೆ ಕಾರು ಬಂದಂಗಾಯ್ತು, ಒಸಿ ನೋಡು."

ಇದು ಚಲುವಮ್ಮ ತನ್ನ ಗಂಡ ಸಣ್ಣಸ್ವಾಮಿಗೆ ಹೇಳಿದ ಕೊನೆಯ ಮಾತು. ಅವನು ಎದ್ದು ಹೊರಗೆ ಹೋಗಿ ನೋಡಿದ. ಕಾರು ಬಂದಿರಲಿಲ್ಲ. ಒಳಗೆ ಬರುವಷ್ಟರಲ್ಲಿ ಚಲುವಮ್ಮನೂ ಇರಲಿಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕಾರು ಇತ್ತು. ಮನೆಯಿಂದ ಎರಡು ಫರ್ಲಾಂಗು ದೂರದ ಶೆಡ್ಡಿನಲ್ಲಿತ್ತು. ಪೆಟ್ರೋಲೂ ಇತ್ತು. ಡ್ರೈವರೂ ಇದ್ದ, ಅವನು ಸಣ್ಣಸ್ವಾಮಿಯೇ. ಆದರೆ ಕಾರು ಸ್ವದೇಶಿಯೋ ವಿದೇಶಿಯೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ತೀರ್ಮಾನವಾಗದ ಕಾರನ್ನು ರಸ್ತೆಗೆ ಇಳಿಸತಕ್ಕದ್ದಲ್ಲ ಎಂದು ಸಮಿತಿಯ ಏಳನೇ ನಿಯಮ ಹೇಳುತ್ತಿತ್ತು.

ಆಗ ಕೊಡಗು ತಾನೇ ಒಂದು ರಾಜ್ಯ. ಈಗ ಕುಶಾಲನಗರ ಅನ್ನುವ ಊರಿಗೆ ಆಗ ಫ್ರೇಜರ್‌ಪೇಟೆ ಎಂದು ಹೆಸರು. ಊರ ಅಂಚಿಗೆ ಕಾವೇರಿ, ಅದರ ಮೇಲೊಂದು ಸೇತುವೆ, ಸೇತುವೆ ದಾಟಿದರೆ ಮೈಸೂರು ರಾಜ್ಯ. ಕಾಯಿಲೆ ಜೋರಾದವರನ್ನು ಇಪ್ಪತ್ತು ಮೈಲಿ ಘಾಟಿ ಹತ್ತಿಸಿ ಮಡಿಕೇರಿ ಆಸ್ಪತ್ರೆಗೆ ಒಯ್ಯಬೇಕು. ಬಸ್ಸು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಕಾಯಿಲೆ ಬಸ್ಸಿನ ಹೊತ್ತು ನೋಡಿಕೊಂಡು ಬರುವುದಿಲ್ಲವಾದ್ದರಿಂದ ಊರವರು ಚಂದಾ ಎತ್ತಿ ರೋಗಿ ಸಾಗಾಟ ಸಮಿತಿ ಕಟ್ಟಿದರು. ಚಂದಾ ಕೊಟ್ಟವರೆಲ್ಲ ಸೇರಿ ಮೊದಲನೇ ನಿಯಮ ಬರೆಸಿದರು. "ರೋಗಿಯು ಯಾವ ಊರಿನವನೇ ಆಗಿರಲಿ, ಅವನಿಗೆ ಕಾರಿನಲ್ಲಿ ಜಾಗ ಕೊಡತಕ್ಕದ್ದು." ಆಮೇಲೆ ಊರವರು ಮನೆಗೆ ಹೋದರು. ಉಳಿದ ನಿಯಮಗಳನ್ನು ಸಮಿತಿಯೇ ಮಾಡಿಕೊಂಡಿತು.

ಅಧ್ಯಕ್ಷರು ಮೊಣ್ಣಪ್ಪನವರು. ಪಲ್ಟನ್ನಿನಲ್ಲಿ ಜಮಾದಾರರಾಗಿದ್ದು ಪಿಂಚಣಿಯ ಮೇಲೆ ಬಂದವರು. ಘಾಟಿ ಹತ್ತಬೇಕಾದರೆ ವಿಲಾಯಿತಿ ಕಾರೇ ಆಗಬೇಕು ಎಂಬುದು ಅವರ ದೃಢವಾದ ಅಭಿಪ್ರಾಯ. ಪಾಲಿಬೆಟ್ಟದ ಎಸ್ಟೇಟಿನ ದೊರೆ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಕಾರೊಂದು ಅವರ ಮನೆ ಅಂಗಳದಲ್ಲಿ ಗಿರಾಕಿಗೆ ಕಾಯುತ್ತ ನಿಂತಿತ್ತು. ಅಭಿಪ್ರಾಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಉಪಾಧ್ಯಕ್ಷರು ಸೋಮವಾರಪೇಟೆಯ ಏಲಕ್ಕಿ ಸಾಹುಕಾರರಾದ ಚನ್ನಮಲ್ಲಪ್ಪನವರು. ಮೈಮೇಲೆ ಖಾದಿ ಬಿಟ್ಟು ಬೇರೆ ಹಾಕಿದವರಲ್ಲ. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ರೋಗಿ ವಿಲಾಯಿತಿ ಸೀಟಿನ ಮೇಲೆ ಮಲಗಿ ನರಳುವುದು ದೇಶಕ್ಕೆ ಅವಮಾನ ಎಂದು ಅವರು ಮೂರು ಸಭೆಗಳಲ್ಲಿ ಕಣ್ಣೀರು ಹಾಕಿದರು. ಅವರ ಭಾವಮೈದುನ ಮೈಸೂರಿನಲ್ಲಿ ಸ್ವದೇಶಿ ಕಾರಿನ ಏಜೆಂಟನಾಗಿದ್ದ. ಕಣ್ಣೀರಿಗೂ ಅದಕ್ಕೂ ಸಂಬಂಧವಿಲ್ಲ.

ವಿದೇಶಿ ಕಾರು ಕೊಳ್ಳಬಾರದು ಎಂದು ಒಂದು ಬೆಳಿಗ್ಗೆ ನಿರ್ಣಯವಾಯಿತು. ಮಧ್ಯಾಹ್ನ ಮೊಣ್ಣಪ್ಪನವರು ತಮ್ಮ ಕಾರನ್ನು ತಂದು "ಮುಂದಿನ ತೀರ್ಮಾನಕ್ಕೆ ಒಳಪಟ್ಟು" ಸಮಿತಿಯ ಶೆಡ್ಡಿನಲ್ಲಿ ನಿಲ್ಲಿಸಿದರು. ಕೀಯನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಗುಮಾಸ್ತ ಜಯಪ್ಪನ ಮೇಜಿನ ಡ್ರಾಯರಿನಲ್ಲಿ ಇಡಲಾಯಿತು. ತುಕ್ಕು ಹಿಡಿಯಬಾರದೆಂದು ಕಾರನ್ನು ದಿನಾ ತೊಳೆಯಲು ಸಣ್ಣಸ್ವಾಮಿಗೆ ಅಪ್ಪಣೆಯಾಯಿತು. ಅವನು ಎಂಟು ತಿಂಗಳು ತೊಳೆದ. "ಒಂದು ದಿನಾನೂ ನನ್ನ ಬೆನ್ನು ತಿಕ್ಕದ ಕೈ ಅದರ ಬೆನ್ನು ತಿಕ್ತದೆ," ಎಂದು ಚಲುವಮ್ಮ ಅನ್ನುತ್ತಿದ್ದಳು. ಅವನು ಮಾತು ಕಡಿಮೆಯವನು. ಮನೆಯ ಮಾತೆಲ್ಲ ಅವಳ ಇಲಾಖೆ.

ಅವಳಿಗೆ ಎದೆನೋವು ಬಂದ ದಿನ ಅವನು ಜಯಪ್ಪನಲ್ಲಿಗೆ ಓಡಿದ. ಜಯಪ್ಪ ಕಲ್ಲುಮನಸ್ಸಿನವನಲ್ಲ. ತಾನೇ ಹಾಳೆ ತೆಗೆದು ತಾನೇ ಅರ್ಜಿ ಬರೆದು, ಎಲ್ಲಿ ರುಜು ಹಾಕಬೇಕೆಂದು ತೋರಿಸಿ, ನಲವತ್ತೊಂದು ಎಂದು ನಂಬರು ಕೊಟ್ಟ. ಮುದ್ರೆ ಒಡೆಯಲು ಅಧ್ಯಕ್ಷರು ಮತ್ತು ಉಪಾಧ್ಯಕ್ಷರು ಒಟ್ಟಿಗೆ ಕೂತು ರುಜು ಹಾಕಬೇಕಿತ್ತು. ಅವರಿಬ್ಬರೂ ಮಾತು ಬಿಟ್ಟು ಆಗಲೇ ಐದು ತಿಂಗಳಾಗಿತ್ತು.

ಮುಂದಿನ ಸಭೆಯಲ್ಲಿ ಸಮಿತಿ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿತು. ನಿಮಿಷ ಎಣಿಸಿದ್ದು ಮೊಣ್ಣಪ್ಪನವರ ವಿಲಾಯಿತಿ ಗಡಿಯಾರವಾದ್ದರಿಂದ ಆ ಮೌನ ಒಪ್ಪತಕ್ಕದ್ದಲ್ಲ ಎಂದು ಚನ್ನಮಲ್ಲಪ್ಪನವರು ಆಕ್ಷೇಪಿಸಿದರು. ಜಯಪ್ಪ ಬಾಯೊಳಗೇ ಒಂದರಿಂದ ನೂರಿಪ್ಪತ್ತು ಎಣಿಸಿದ. ಹೀಗೆ ಚಲುವಮ್ಮನಿಗೆ ಒಟ್ಟು ನಾಲ್ಕು ನಿಮಿಷ ಸಂದಿತು. ಅರ್ಜಿ ನಂಬರ್ ನಲವತ್ತೊಂದನ್ನು "ಕಾರಣವು ಈಗ ಇಲ್ಲವಾದ್ದರಿಂದ" ವಿಲೇ ಮಾಡಲಾಯಿತು.

ಏನಾದರೂ ಹೇಳುವುದಿದೆಯೇ ಎಂದು ಸಣ್ಣಸ್ವಾಮಿಯನ್ನು ಕೇಳಿದರು. ಅವನು ಹೇಳಿದ. "ಯಾವ ದೇಶದ್ದಾದ್ರೂ ಆಗ್ಲಿ. ಕೀ ಕೊಟ್ಬುಡಿ. ಲಿಂಗಮ್ಮಂಗೆ ಈ ತಿಂಗ್ಳೇ ದಿನ."

ಲಿಂಗಮ್ಮ ಅವನ ಬೀದಿಯವಳೇ. ಹಿಂದಿನ ಎರಡು ಮಕ್ಕಳು ಮನೆಯಲ್ಲಿ ಹುಟ್ಟಿ ಮನೆಯಲ್ಲೇ ಹೋಗಿದ್ದವು. ಈ ಸಲ ನೋವು ಶುರುವಾದ ಕೂಡಲೇ ಮಡಿಕೇರಿಗೆ ಒಯ್ಯದಿದ್ದರೆ ತಾಯಿಯೂ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಪೂವಮ್ಮ ಹೇಳಿದ್ದಳು. ಸಮಿತಿ ಇದನ್ನು ಸಲಹೆ ಎಂದು ದಾಖಲಿಸಿಕೊಂಡು ಕೆಲಸ ಚುರುಕು ಮಾಡಿತು. ಚುರುಕು ಮಾಡಲು ಒಂದು ಉಪಸಮಿತಿ ನೇಮಿಸಿತು. ಅಧ್ಯಕ್ಷ, ಉಪಾಧ್ಯಕ್ಷರೇ ಅದರ ಸದಸ್ಯರು.

ಉಪಸಮಿತಿಯ ಮುಂದೆ ಉಪಾಧ್ಯಕ್ಷರ ಭಾವಮೈದುನ ಮೈಸೂರಿನಿಂದ ಸ್ವದೇಶಿ ಕಾರು ತಂದು ನಿಲ್ಲಿಸಿದ. ಮೊಣ್ಣಪ್ಪನವರು ಬಾನೆಟ್ ಎತ್ತಿಸಿ ಒಂದೊಂದಕ್ಕೂ ಬೆರಳಿಟ್ಟು ಕೇಳಿದರು. ಎಂಜಿನ್ನು ಪೆಟ್ಟಿಗೆಯಲ್ಲಿ ಹಡಗಿನಿಂದ ಬಂದದ್ದು. ಗೇರು ಇನ್ನೊಂದು ಪೆಟ್ಟಿಗೆಯಲ್ಲಿ. ಗಾಜು, ದೀಪ, ಹಾರ್ನು ಮೂರನೆಯದರಲ್ಲಿ. ಇಲ್ಲಿ ಆದದ್ದು ತಿರುಪು ಬಿಗಿಯುವ ಕೆಲಸ. ತಿರುಪೂ ಪೆಟ್ಟಿಗೆಯಲ್ಲೇ ಬಂದಿತ್ತು. ಕೊನೆಗೆ ಸ್ವದೇಶಿಯಾಗಿ ಉಳಿದದ್ದು ಭಾವಮೈದುನ ಒಬ್ಬನೇ.

ಆಮೇಲೆ ಪಾಲಿಬೆಟ್ಟದ ಕಾರನ್ನು ನೋಡಿದರು. ಇಲ್ಲಿ ಸಣ್ಣಸ್ವಾಮಿಯನ್ನು ಕೇಳಬೇಕಾಯಿತು, ಎಂಟು ತಿಂಗಳು ಅದರ ಮೈ ತಿಕ್ಕಿದವನು ಅವನೇ ತಾನೇ. ಬಲಗಡೆ ಬಾಗಿಲು ಎಸ್ಟೇಟಿನ ಬಡಗಿ ಹಲಸಿನ ಹಲಗೆಯಲ್ಲಿ ಮಾಡಿದ್ದು. ಮೇಲಿನ ಹೊದಿಕೆ ಕಾಫಿ ಒಣಗಿಸುವ ಟಾರ್ಪಾಲು. ಸೀಟಿನೊಳಗೆ ಭತ್ತದ ಹುಲ್ಲು. ಸ್ಪ್ರಿಂಗಿನ ಪಟ್ಟಿ ವಿರಾಜಪೇಟೆಯ ಕಮ್ಮಾರ ಬಡಿದದ್ದು. ಎಂಜಿನ್ನು ಮಾತ್ರ ಹೊರಗಿನದು. ಸ್ವದೇಶಿ ಕಾರು ವಿದೇಶಿಯಾಗಿ, ವಿದೇಶಿ ಕಾರು ಬಹುಪಾಲು ಸ್ವದೇಶಿಯಾಗಿ ಹೊರಬಿದ್ದದ್ದನ್ನು ಕಂಡು ಇಬ್ಬರೂ ಮುಖಂಡರು ಸಮನಾಗಿ ಬೇಸರಪಟ್ಟರು.

ದಾರಿ ತೋರಿಸಿದವನು ಜಯಪ್ಪ. ಹನ್ನೆರಡು ವರ್ಷ ಬಿಡದೆ ಕೊಡಗಿನ ಎಲ್ಲೆಯೊಳಗೆ ಇದ್ದು ತೆರಿಗೆ ಕೊಟ್ಟವರಿಗೆ ಸ್ಥಳೀಕರೆಂದು ಸರ್ಟಿಫಿಕೇಟು ಕೊಡುವುದುಂಟು ಎಂದು ಅವನು ನೆನಪಿಸಿದ. ಕಾರು ಇಪ್ಪತ್ತನಾಲ್ಕು ವರ್ಷದಿಂದ ಇಲ್ಲಿದೆ. ರಸ್ತೆ ತೆರಿಗೆ ಬಾಕಿ ಇಲ್ಲ. ಸಮಿತಿಯಲ್ಲಿ ಎಷ್ಟೋ ಜನ ಅಷ್ಟು ತೆರಿಗೆ ಕೊಟ್ಟವರಲ್ಲ.

ಕಾರಿನ ಪರವಾಗಿ ಅರ್ಜಿ ಹೋಯಿತು. ಫಾರಮ್ಮು ಮನುಷ್ಯರದು, ಬೇರೆ ಇರಲಿಲ್ಲ. ತಂದೆಯ ಹೆಸರು: ತಿಳಿಯದು; ಸಾಕಿದವರು ಪಾಲಿಬೆಟ್ಟದ ದೊರೆ. ಜಾತಿ: ಇಬ್ಬರು ಮುಖಂಡರೂ ತಮ್ಮದೇ ಎಂದದ್ದರಿಂದ ಖಾಲಿ ಬಿಟ್ಟಿದೆ. ಮನೆ ಹೆಸರು: ಶೆಡ್ಡು. ಸಿಡುಬಿಗೆ ದೇವಿ ಹಾಕಿಸಿದ ಗುರುತು: ಎಡಗಡೆ ಮಡ್‌ಗಾರ್ಡಿನ ಮೇಲೆ ಎರಡು ತಗ್ಗು.

ನಾಡಿನ ಕಂದಾಯ ನೋಡಿಕೊಳ್ಳುವ ಪಾರುಪತ್ತೆಗಾರರು ಸ್ಥಳ ತನಿಖೆಗೆ ಬಂದು, ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಅರ್ಜಿದಾರರು ಮಾತಾಡುವ ಸ್ಥಿತಿಯಲ್ಲಿ ಇಲ್ಲವೆಂದು ಬರೆದುಕೊಂಡು, ಅವರ ಪರವಾಗಿ ಸಣ್ಣಸ್ವಾಮಿಯನ್ನು ವಿಚಾರಿಸಿದರು.

"ಅರ್ಜಿದಾರರು ಮಧ್ಯೆ ಕೊಡಗು ಬಿಟ್ಟು ಹೋಗಿದ್ದುಂಟಾ?"

"ಒಂದ್ಸಲ ಮೈಸೂರು ದಸರಾಕ್ಕೆ ಹೋಗಿತ್ತಂತೆ ಬುದ್ಧಿ."

"ರಾತ್ರಿ ತಂಗಿದ್ದರಾ?"

"ಇಲ್ವಂತೆ. ದೊರೆಗೆ ಅಲ್ಲಿ ನಿದ್ದೆ ಬರಲಿಲ್ವಂತೆ, ವಾಪಸ್ ಬಂದ್ರಂತೆ."

ಪಾರುಪತ್ತೆಗಾರರು ತಲೆದೂಗಿದರು. ಸರ್ಟಿಫಿಕೇಟು ಅಲ್ಲೇ ಆದಂತಾಯಿತು. ಆಮೇಲೆ ಸಾಕ್ಷಿಯ ವಿವರವೂ ಬೇಕಲ್ಲ ಎಂದು ಅವನ ಊರು ಕೇಳಿದರು. ಸೇತುವೆ ಆಚೆ, ಅರಕಲಗೂಡು ಕಡೆ ಎಂದ. ಹೊಳೆ ದಾಟಿ ಎಷ್ಟು ವರ್ಷವಾಯಿತು ಎಂದರು.

"ನಂಗೆ ಲೆಕ್ಕ ಬರಾಕಿಲ್ಲ. ಅವ್ಳು ಹೇಳೋಳು. ಹೋದ ಗೌರಿ ಹಬ್ಬದಲ್ಲಿ ಹನ್ನೊಂದು ಅಂದಿದ್ಲು."

ಪಕ್ಕದಲ್ಲಿ ನಿಂತಿದ್ದ ಪೂವಮ್ಮ ಅವನ ಮೊಣಕೈ ತಿವಿದಳು. "ಹನ್ನೆರಡು ಅಂತ ಹೇಳು ಮಾರಾಯ. ಗೌರಿ ಹಬ್ಬಕ್ಕೆ ಇನ್ನೆಷ್ಟು ದಿನ."

"ಅವ್ಳು ಹೇಳ್ದೆ ನಾನು ಹೆಂಗೆ ಹನ್ನೆರಡು ಅನ್ಲಿ?"

ಹಾಗಾಗಿ ಕಾರು ಕೊಡಗಿನದಾಯಿತು, ಡ್ರೈವರು ಹೊರಗಿನವನಾದ.

ಕಾರು ಸ್ವದೇಶಿಯೆಂದು ಗೊತ್ತಾದ ಮೇಲೆ ಅದನ್ನು ಸ್ವದೇಶಿ ಏಜೆಂಟನ ಕೈಯಿಂದಲೇ ಕೊಳ್ಳಬೇಕಲ್ಲವೇ. ಮೊಣ್ಣಪ್ಪನವರು ಚನ್ನಮಲ್ಲಪ್ಪನವರ ಭಾವಮೈದುನನಿಗೆ ಮಾರಿದರು, ಭಾವಮೈದುನ ಸಮಿತಿಗೆ ಮಾರಿದ. ಕಾರು ಶೆಡ್ಡಿನಿಂದ ಅಲ್ಲಾಡಲಿಲ್ಲ, ಕಾಗದದ ಮೇಲೆ ಮೈಸೂರಿಗೆ ಹೋಗಿ ಬಂತು. ರಾತ್ರಿ ತಂಗದೆ ಇದ್ದದ್ದರಿಂದ ಅದರ ಸ್ಥಳೀಕತನಕ್ಕೆ ಧಕ್ಕೆ ಬರಲಿಲ್ಲ. ಅಧ್ಯಕ್ಷರೂ ಉಪಾಧ್ಯಕ್ಷರೂ ಐದು ತಿಂಗಳ ಮೇಲೆ ಒಂದೇ ತಟ್ಟೆಯಿಂದ ವೀಳ್ಯ ಹಾಕಿಕೊಂಡರು. ಮುದ್ರೆ ಒಡೆಯಲಾಯಿತು.

ಕೀ ಕೊಡುವ ಹೊತ್ತಿಗೆ ಚನ್ನಮಲ್ಲಪ್ಪನವರಿಗೆ ಒಂಬತ್ತನೇ ನಿಯಮ ಜ್ಞಾಪಕಕ್ಕೆ ಬಂತು. ಅದನ್ನು ಹಿಂದಿನ ವಾರ ಅವರೇ ಮಾಡಿಸಿದ್ದರು. ಸ್ಥಳೀಕ ಕಾರನ್ನು ಪರಸ್ಥಳದವನು ನಡೆಸತಕ್ಕದ್ದಲ್ಲ. ಹಾಗೆ ನಡೆಸಿದರೆ ಅದು ಪರಕೀಯರ ಆಳ್ವಿಕೆ ಎನಿಸಿಕೊಳ್ಳುತ್ತದೆ. ಊರಿನಲ್ಲಿ ಕಾರು ಬಿಡಬಲ್ಲ ಇನ್ನೊಬ್ಬನೆಂದರೆ ಬಸ್ಸಿನವನು. ಅವನೂ ಸೇತುವೆ ಆಚೆಯವನೇ.

ಬಾಗಿಲಲ್ಲಿ ನಿಂತಿದ್ದ ಪೂವಮ್ಮ ಲಿಂಗಮ್ಮನ ಕಾಲು ಊದಿಕೊಂಡಿದೆ, ಇನ್ನು ಎರಡೋ ಮೂರೋ ದಿನ ಎಂದಳು. ಮೊಣ್ಣಪ್ಪನವರು ನಿಯಮ ನಿಯಮವೇ ಎಂದರು. ಜಯಪ್ಪ ಪುಸ್ತಕ ತಿರುವಿದ. ತಿರುವಿ ತಿರುವಿ ಮೊದಲನೇ ಹಾಳೆಗೆ ಬಂದು ನಿಂತ.

ರೋಗಿ ಯಾವ ಊರಿನವನಾದರೂ ಜಾಗ ಕೊಡಬೇಕು ಎಂದಿದೆ, ಯಾವ ಜಾಗ ಎಂದಿಲ್ಲ ಎಂದು ಅವನು ಓದಿ ಹೇಳಿದ. ಸಣ್ಣಸ್ವಾಮಿಯನ್ನು ಡ್ರೈವರು ಕೆಲಸದಿಂದ ತೆಗೆದು ರೋಗಿಯೆಂದು ಬರೆದುಕೊಂಡರೆ ಅವನಿಗೆ ಮುಂದಿನ ಬಲಗಡೆ ಸೀಟು ಕೊಡಬಹುದು. ಅಲ್ಲಿ ಕೂತ ರೋಗಿ ಕೈಕಾಲು ಆಡಿಸಿದರೆ ಅದು ಅವನ ಕಾಯಿಲೆಗೆ ಸಂಬಂಧಪಟ್ಟದ್ದು. ಸಮಿತಿ ಒಮ್ಮತದಿಂದ ಒಪ್ಪಿತು.

ಜಯಪ್ಪ ರೋಗಿಗಳ ರಿಜಿಸ್ಟರು ತೆರೆದ. "ಕಾಯಿಲೆ ಏನು ಅಂತ ಬರೆಯಲಿ?"

ಮೊಣ್ಣಪ್ಪನವರು ಚಳಿಜ್ವರ ಎಂದರು. ಚಳಿಜ್ವರ ದಕ್ಷಿಣ ಕೊಡಗಿನದು, ನಮ್ಮ ಉತ್ತರದ ಕಡೆಯ ವಾಯುನೋವಿಗೂ ಅವಕಾಶ ಕೊಡಬೇಕು ಎಂದು ಚನ್ನಮಲ್ಲಪ್ಪನವರು ಪಟ್ಟು ಹಿಡಿದರು. ಮತಕ್ಕೆ ಹಾಕೋಣ ಎನ್ನುವ ಮಾತೂ ಬಂತು.

ಪೂವಮ್ಮ ಬಾಗಿಲಿಂದಲೇ ಹೇಳಿದಳು. "ಹೆಂಡ್ತಿ ಇಲ್ಲ ಅಂತ ಬರ್ಕೊಳಿ."

ಯಾರೂ ಆಕ್ಷೇಪಿಸಲಿಲ್ಲ. ಜಯಪ್ಪ ಬರೆದುಕೊಂಡ. ಮುಂದಿನ ಕಾಲಮ್ಮಿನಲ್ಲಿ ಎಷ್ಟು ದಿನದಿಂದ ಎಂದಿತ್ತು. ಅವನು ತಲೆಯೆತ್ತಿ ನೋಡಿದ.

"ಇವತ್ತಿಗೆ ಇಪ್ಪತ್ತಾರು," ಎಂದ ಲೆಕ್ಕ ಬಾರದ ಸಣ್ಣಸ್ವಾಮಿ.

ಮೂರನೆಯ ದಿನ ನಸುಕಿಗೆ ಲಿಂಗಮ್ಮನಿಗೆ ನೋವು ಬಂತು. ರೋಗಿ ಸಣ್ಣಸ್ವಾಮಿ ಬಲಗಡೆ ಸೀಟಿನಲ್ಲಿ ಕೂತ. ಹಿಂದಿನ ಸೀಟಿನಲ್ಲಿ ಲಿಂಗಮ್ಮ, ಪೂವಮ್ಮ. ಕಾರು ಘಾಟಿ ಹತ್ತಿತು. ಸುಂಟಿಕೊಪ್ಪ ದಾಟಿದ ಮೇಲೆ ಹಲಸಿನ ಬಾಗಿಲು ಒಂದು ಸಲ ಕಳಚಿಕೊಂಡಿತು. ಪೂವಮ್ಮ ಇಳಿದು ಅದನ್ನು ಎತ್ತಿ ತಂದು ಉಳಿದ ದಾರಿ ಮಡಿಲಲ್ಲಿ ಇಟ್ಟುಕೊಂಡಳು. ಗಂಟೆ ಒಂಬತ್ತಕ್ಕೆ ಲಿಂಗಮ್ಮ ಹೆಣ್ಣು ಹೆತ್ತಳು. ತಾಯಿ ಮಗು ಇಬ್ಬರೂ ಉಳಿದರು.

ಆಸ್ಪತ್ರೆಯವರು ಸಮಿತಿಯ ಚೀಟಿ ನೋಡಿದರು. ಇಬ್ಬರು ರೋಗಿಗಳು ಎಂದಿತ್ತು. ಒಬ್ಬರನ್ನು ಸೇರಿಸಿಕೊಂಡಾಗಿತ್ತು. ಇನ್ನೊಬ್ಬನನ್ನು ಹೊರಗೆ ಬೆಂಚಿನ ಮೇಲೆ ಸಾಲಿನಲ್ಲಿ ಕೂರಿಸಿದರು. ಅವನ ಸರದಿ ಬಂದಾಗ ಡಾಕ್ಟರು ಚೀಟಿ ಓದಿದರು, ಅವನ ಮುಖ ನೋಡಿದರು, ಮತ್ತೆ ಚೀಟಿ ಓದಿದರು. ನಾಲಿಗೆ ಚಾಚಲು ಹೇಳಿದರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಒಂದು ಬಾಟಲಿ ಕೆಂಪು ಔಷಧಿ ಬರೆದರು. ಬಾಟಲಿಯ ಮೇಲೆ ಕಾಗದ ಕತ್ತರಿಸಿ ಅಳತೆಯ ಗೆರೆ ಅಂಟಿಸಿತ್ತು. ದಿನಕ್ಕೆ ಮೂರು ಗೆರೆ.

"ಎಷ್ಟು ದಿನ ಬುದ್ಧಿ?"

"ಗುಣ ಆಗೋವರೆಗೆ."

ಸಂಜೆ ಸಮಿತಿ ಸೇರಿ ವರದಿ ಅಂಗೀಕರಿಸಿತು. ಸ್ವದೇಶಿ ಕಾರು ಮೊದಲನೇ ಪ್ರಯಾಣದಲ್ಲಿ ಇಬ್ಬರು ರೋಗಿಗಳನ್ನು ಸಾಗಿಸಿದೆ. ಒಬ್ಬರಿಗೆ ಗುಣವಾಗಿದೆ. ಇನ್ನೊಬ್ಬನಿಗೆ ಗುಣವಾಗಿಬಿಟ್ಟರೆ ಕಾರು ನಡೆಯುವುದು ನಿಂತುಹೋಗುತ್ತದಾದ್ದರಿಂದ, ಅವನ ಚಿಕಿತ್ಸೆಯಲ್ಲಿ ಆತುರ ಮಾಡಬಾರದೆಂದು ಆಸ್ಪತ್ರೆಗೆ ಪತ್ರ ಬರೆಯಲು ಜಯಪ್ಪನಿಗೆ ಅಧಿಕಾರ ಕೊಡಲಾಯಿತು. ಚನ್ನಮಲ್ಲಪ್ಪನವರು ಸೂಚಿಸಿದರು, ಮೊಣ್ಣಪ್ಪನವರು ಅನುಮೋದಿಸಿದರು. ಸಣ್ಣಸ್ವಾಮಿಯೂ ಆಗಲಿ ಎಂದ.

ಮಾರನೆ ಬೆಳಿಗ್ಗೆ ಅವನು ಬಾಟಲಿ ಅಲ್ಲಾಡಿಸಿ ಒಂದು ಗೆರೆ ಔಷಧಿ ಕುಡಿದ. ಶೆಡ್ಡಿಗೆ ಹೋಗಿ ಕಾರು ತೊಳೆದ. ತೊಳೆದು, ಬಲಗಡೆ ಸೀಟಿನಲ್ಲಿ ಕೂತು, ಎರಡು ಫರ್ಲಾಂಗು ಬಂದು ತನ್ನ ಮನೆ ಮುಂದೆ ನಿಲ್ಲಿಸಿದ. ಒಳಗೆ ಹೋಗಿ ಚಲುವಮ್ಮನ ಚಾಪೆಯ ಪಕ್ಕ ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದು ಹೊರಗೆ ಹೋಗಿ ನೋಡಿದ.

ಕಾರು ಬಂದಿತ್ತು.